ಮೇಲ್ತುದಿಯ ಹನ್ನೆರಡು ಗೂಡುಗಳು

"ಹನ್ನೆರಡೂ ಖಾಲಿ," ಅಂದರು ನರ್ಸಕ್ಕ.

ಬೆಳಿಗ್ಗೆ ಏಳೂವರೆ. ಹೊಳೆದಡದ ನಮ್ಮ ಕಾವಲು ಗುಡಿಸಲಿಗೆ ಬಂದು, ಟೋಪಿ ತೆಗೆದು ಮೊಳೆಗೆ ಸಿಕ್ಕಿಸಿ, ಬೆಂಚಿನ ಮೇಲೆ ಕೂತು, ಚಪ್ಪಲಿಯ ಮರಳು ಕೊಡವಿ, ಆಮೇಲೆ ಹೇಳಿದರು. ರೋಗಿಯ ಮನೆಯವರಿಗೆ ಸುದ್ದಿ ಮುಟ್ಟಿಸುವ ದನಿ.

ಮೇಷ್ಟ್ರು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. "ಹನ್ನೆರಡು ಏನಮ್ಮ?"

"ಗೂಡು. ಮೇಲ್ತುದಿಯ ಹನ್ನೆರಡೂ. ಒಂದು ಮೊಟ್ಟೆ ಇಲ್ಲ. ಹೆಜ್ಜೆ ಕಾಣಬಾರದು ಅಂತ ಸುತ್ತ ಸೊಪ್ಪಿನಿಂದ ಗುಡಿಸಿದಾರೆ."

ಪೆನ್ನು ನಿಂತಿತು. ಗುಡಿಸಲಿನಲ್ಲಿದ್ದದ್ದು ನಾವು ಮೂವರೇ. ಸಂಜೆ ನಾಲ್ಕಕ್ಕೆ ಅರಣ್ಯ ಇಲಾಖೆಯ ವಲಯ ಅಧಿಕಾರಿ ಬರುವವರಿದ್ದರು — ಗೂಡು ಎಣಿಸಲು. ಈ ಸಲ ರಿಜಿಸ್ಟರ್ ನೋಡಿ ಹೋಗುವುದಿಲ್ಲ, ತಾವೇ ದಿಣ್ಣೆಯ ಮೇಲೆ ನಡೆದು ನೋಡುವುದಾಗಿ ಪತ್ರ ಬರೆದಿದ್ದರು.

ಹೊಳೆಯ ನಡುವೆ ಒಂದು ಮರಳುದಿಣ್ಣೆ ಇದೆ. ಒಂದು ಮೈಲಿಗಿಂತ ಸ್ವಲ್ಪ ಕಡಿಮೆ ಉದ್ದ. ಬೇಸಿಗೆಯಲ್ಲಿ ಅದರ ಮೇಲೆ ಕತ್ತರಿಕೊಕ್ಕು ಮೊಟ್ಟೆಯಿಡುತ್ತದೆ. ಕೆಳಗಿನ ಕೊಕ್ಕು ಮೇಲಿನದಕ್ಕಿಂತ ಉದ್ದವಿರುವ, ಬಾಯಿ ತೆರೆದುಕೊಂಡೇ ನೀರು ಸೀಳುತ್ತಾ ಹಾರುವ ಹಕ್ಕಿ. ಅದರ ಗೂಡಿಗೆ ಕಡ್ಡಿಯಿಲ್ಲ, ಎಲೆಯಿಲ್ಲ. ಬಟ್ಟಲಷ್ಟು ಗುಳಿ, ಅದರಲ್ಲಿ ಮರಳಿನ ಬಣ್ಣದ್ದೇ ಮೂರು ಮೊಟ್ಟೆ, ಅಷ್ಟೆ. ಇಡೀ ಹೊಳೆಯಲ್ಲಿ ಈ ಹಕ್ಕಿ ಉಳಿದಿರುವುದು ಇಲ್ಲಿ ಮಾತ್ರ. ಮರಳು ತೆಗೆಯುವವರಿಗೂ ಇದೇ ದಿಣ್ಣೆ ಬೇಕು. ಮೊಟ್ಟೆಯಿರುವ ಗೂಡು ಇಪ್ಪತ್ತಾದರೂ ಇದ್ದರೆ ಯಂತ್ರ ಹೊಳೆಗೆ ಇಳಿಯಬಾರದು, ಅದಕ್ಕಿಂತ ಕಡಿಮೆಯಾದರೆ ಇಳಿಯಬಹುದು ಎಂದು ಸರ್ಕಾರದ ಆದೇಶ. ನರ್ಸಕ್ಕ ನೋಡಿಕೊಳ್ಳುವ ಮೇಲ್ತುದಿಯಲ್ಲಿ ಹನ್ನೆರಡು. ನಾನು ನೋಡಿಕೊಳ್ಳುವ ಕೆಳತುದಿಯಲ್ಲಿ ಹದಿನಾಲ್ಕು. ಒಟ್ಟು ಇಪ್ಪತ್ತಾರು. ನಿನ್ನೆಯವರೆಗೆ.

"ಹದಿನಾಲ್ಕು," ಅಂದರು ಮೇಷ್ಟ್ರು. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವರು. ಇಷ್ಟು ಕಳೆಯಲು ಅವರಿಗೆ ಒಂದು ನಿಮಿಷ ಹಿಡಿಯಿತು.

ಮೇಷ್ಟ್ರು ಫೋನ್ ಮಾಡಿದ ಮೇಲೆ, ಒಂಬತ್ತು ಗಂಟೆಯ ಹೊತ್ತಿಗೆ ಪೊಲೀಸ್ ಹೊರಠಾಣೆಯ ಪೇದೆ ಬಂದ. ದಡದಲ್ಲಿ ಎರಡು ಸುತ್ತು ಹಾಕಿದ. ದೋಣಿಯ ಪಕ್ಕದ ನೀರಿನಲ್ಲಿ ಸೊಪ್ಪಿನ ಕೊಂಬೆಯೊಂದು ತೇಲುತ್ತಿತ್ತು. ಅದನ್ನು ಒಂದು ಕೈಯಲ್ಲಿ, ನಮ್ಮನ್ನು ದಿಣ್ಣೆಗೆ ದಾಟಿಸುವ ದೋಣಿ ಮಾವನನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಹೋದ.

ನಾನು ಚಿಕ್ಕಮ್ಮನಿಗೆ ಫೋನ್ ಮಾಡಿದೆ.

"ಕೊಲೆಯಾ?"

"ಅಲ್ಲ. ಮೊಟ್ಟೆ."

"ನನ್ನ ಮಂಡಿ ಊದಿಕೊಂಡಿದೆ ಕಣೆ. ಮೊಟ್ಟೆಗಾಗಿ ಎರಡು ಬಸ್ಸು ಬದಲಾಯಿಸಬೇಕಾ?"

"ಹೂಂ."

"ಕೊಡೆ ತರ್ತೀನಿ. ಬಿಸಿಲಲ್ಲಿ ನಿಲ್ಲಿಸಬೇಡ."

ಚಿಕ್ಕಮ್ಮ ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಮೂವತ್ತೊಂದು ವರ್ಷ ಇದ್ದವಳು. ಲೋಟ, ಬಾಗಿಲ ಹಿಡಿ, ಕನ್ನಡಿ — ಜನ ಮುಟ್ಟಿ ಬಿಟ್ಟ ಎಲ್ಲದಕ್ಕೂ ಪುಡಿ ಸವರಿ ಬದುಕಿದವಳು. ನಿವೃತ್ತಿಯಾದ ಮೇಲೆ ಏನನ್ನೂ ಮುಟ್ಟಲು ಮನಸ್ಸಿಲ್ಲ ಅನ್ನುತ್ತಾಳೆ. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ನಮ್ಮ ಮನೆತನಕ್ಕೇ ಗಾಜಿನ ಗ್ರಹಚಾರ.

ಹತ್ತೂವರೆಗೆ ಬಂದಳು. ಬೆಂಚಿನ ಮೇಲೆ ಕಾಲು ಚಾಚಿ ಕೂತಳು. ಮೊದಲು ಮೇಷ್ಟ್ರು.

"ಮೇಲ್ತುದಿಗೆ ಯಾರ್ಯಾರು ಹೋಗ್ತೀರಿ?"

"ನರ್ಸಮ್ಮ ಒಬ್ಬರೇ."

"ನೀವು?"

"ನನ್ನ ಸೊಂಟದ ಎಕ್ಸ್‌ರೇ ತೋರಿಸಲಾ?"

"ಬೇಡ. ನನ್ನ ಮಂಡಿದು ತೋರಿಸಬೇಕಾಗುತ್ತೆ. ನಮ್ಮ ಹುಡುಗಿ?"

"ಅವಳದು ಕೆಳತುದಿ. ಒಂದು ತುದಿಗೆ ಒಬ್ಬರೇ. ಅದೇ ಮನುಷ್ಯರು, ಅದೇ ಬಟ್ಟೆ, ಅದೇ ಹೊತ್ತು. ಗುರುತಿನವರಾದರೆ ಹಕ್ಕಿ ಎದ್ದರೂ ಬೇಗ ಬಂದು ಕೂರುತ್ತೆ. ಹೊಸಬರು ಕಾಲಿಟ್ಟರೆ ಗಂಟೆಗಟ್ಟಲೆ ಬರೋದಿಲ್ಲ. ಈ ಬಿಸಿಲಿಗೆ ಮೊಟ್ಟೆ ಬೆಂದೇ ಹೋಗುತ್ತೆ. ಒಂಬತ್ತು ವರ್ಷದಿಂದ ಇದೇ ನಿಯಮ."

"ಇಲ್ಲಿಂದ ಮೇಲ್ತುದಿ ಕಾಣುತ್ತಾ?"

"ಇಲ್ಲ. ನಡುವೆ ಮರಳು ಗುಡ್ಡದ ಹಾಗೆ ಎದ್ದಿದೆ. ಕೆಳತುದಿ ಮಾತ್ರ ದುರ್ಬೀನಿಗೆ ಸಿಗುತ್ತೆ."

"ನಿಮಗೆ ಯಾರ ಮೇಲಾದರೂ ಅನುಮಾನ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ನಾನೇ ಕೂರಿಸಿಕೊಟ್ಟ ಗಾಜು. "ಒಂಬತ್ತು ವರ್ಷ ಆಯ್ತಮ್ಮ. ಮೊದಲು ಎಲ್ಲರ ಮೇಲೂ ಅನುಮಾನ ಪಡ್ತಿದ್ದೆ. ಈಗ ಅದಕ್ಕೂ ತ್ರಾಣ ಇಲ್ಲ."

ನರ್ಸಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮುಗಿಸಿ ನೇರ ಹೊಳೆಗೆ ಬರುವವರು. ವಾರಕ್ಕೆ ಆರು ದಿನ, ನಾಲ್ಕು ವರ್ಷದಿಂದ.

"ರಾತ್ರಿ ಎಲ್ಲಿದ್ರಿ?" ಚಿಕ್ಕಮ್ಮ ಕೇಳಿದಳು.

"ವಾರ್ಡಲ್ಲಿ. ನಲವತ್ತು ಜನ ಸಾಕ್ಷಿ ಇದಾರೆ. ಅದರಲ್ಲಿ ಎಂಟು ಜನಕ್ಕೆ ಪ್ರಜ್ಞೆ ಇರಲಿಲ್ಲ."

"ಬೆಳಿಗ್ಗೆ?"

"ಆರೂ ಕಾಲಿಗೆ ದೋಣಿ ಹತ್ತಿದೆ. ದಿಣ್ಣೆ ಮೇಲೆ ಇಳಿದೆ. ನೋಡಿದೆ. ಬಂದು ಹೇಳಿದೆ."

"ನಿನ್ನೆ ಮೊಟ್ಟೆ ಇದ್ವಾ?"

"ರಿಜಿಸ್ಟರಲ್ಲಿ ಬರೆದಿದೀನಿ."

"ಊಟ ಮಾಡಿದ್ರಾ?"

ನರ್ಸಕ್ಕ ಕಣ್ಣು ತೆರೆದರು. ಆ ಪ್ರಶ್ನೆಯನ್ನು ಬಹಳ ದಿನದಿಂದ ಯಾರೂ ಅವರನ್ನು ಕೇಳಿರಲಿಲ್ಲ ಅನ್ನಿಸಿತು. "ಇಲ್ಲ," ಅಂದರು.

ದೋಣಿಯವನಿಲ್ಲದ ದೋಣಿಯನ್ನು ನಾನೇ ನಡೆಸಿದೆ. ಅಂದರೆ ಹುಟ್ಟು ಹಾಕಿದೆ. ದೋಣಿ ತನ್ನ ಪಾಡಿಗೆ ತಾನು ಹೋಯಿತು.

"ಇದು ಕೆಳಗೆ ಹೋಗ್ತಿದೆಯಲ್ಲೆ."

"ಗೊತ್ತು ಚಿಕ್ಕಮ್ಮ."

"ನಾವು ಮೇಲೆ ಹೋಗಬೇಕಲ್ವಾ?"

"ಗೊತ್ತು ಚಿಕ್ಕಮ್ಮ."

ಅರ್ಧ ಗಂಟೆಯ ಮೇಲೆ ಹೇಗೋ ದಿಣ್ಣೆಯ ನಡುಭಾಗಕ್ಕೆ ಹತ್ತಿದೆವು. ಈ ಕಾವಲಿಗೆ ಸೇರಿದ ಎರಡು ವರ್ಷದಲ್ಲಿ ಮೇಲ್ತುದಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಖಾಲಿಯಾದ ಮೇಲೆ ನಿಯಮ ಯಾರಿಗೆ?

ಹನ್ನೆರಡು ಗೂಟ, ಒಂದೊಂದಕ್ಕೂ ಬಿಳಿ ಬಣ್ಣದಲ್ಲಿ ಸಂಖ್ಯೆ. ಗೂಟದಿಂದ ಏಳು ಹೆಜ್ಜೆ ಕೆಳಕ್ಕೆ ಗೂಡು. ಗೂಟವನ್ನು ಗೂಡಿನ ಪಕ್ಕದಲ್ಲೇ ನೆಟ್ಟರೆ ಕಾಗೆಗಳು ಬೇಗ ಕಲಿತುಬಿಡುತ್ತವೆ. ಹನ್ನೆರಡು ಗುಳಿಗಳೂ ಇದ್ದವು. ಬಟ್ಟಲಿನ ಹಾಗೆ, ಬರಿದಾಗಿ. ಸುತ್ತ ಸೊಪ್ಪು ಎಳೆದ ಗೀರುಗಳು.

ಚಿಕ್ಕಮ್ಮ ಮೊದಲ ಗುಳಿಯ ಮುಂದೆ ಕೊಡೆ ಊರಿ ಬಗ್ಗಿದಳು. ಒಳಗೆ ಕೈಹಾಕಿ ಒಂದು ಹಿಡಿ ಮರಳು ಎತ್ತಿದಳು. ಬೆರಳ ಸಂದಿಯಿಂದ ಅದು ಜರಡಿ ಹಿಡಿದ ಹಿಟ್ಟಿನ ಹಾಗೆ ಇಳಿಯಿತು. ಎರಡನೆಯದರಲ್ಲೂ ಹಾಗೇ. ಐದನೆಯದಕ್ಕೆ ಬರುವಷ್ಟರಲ್ಲಿ ಬಗ್ಗುವುದನ್ನು ಬಿಟ್ಟಳು. ನನಗೆ ಹೇಳಿದಳು, "ನೀನು ಎತ್ತು. ನಾನು ನೋಡ್ತೀನಿ."

ಹನ್ನೆರಡೂ ಎತ್ತಿದೆ. ಅದೇ ಮರಳು.

"ಗೂಟದಿಂದ ಏಳು ಹೆಜ್ಜೆ ಅಂತ ಹೊರಗಿನವರಿಗೆ ಗೊತ್ತಾ?"

"ಇಲ್ಲ. ದೋಣಿ ಮಾವನಿಗೂ ಗೊತ್ತಿಲ್ಲ."

"ಮತ್ತೆ ಗುಡಿಸಿರೋದು ಸರಿಯಾಗಿ ಗೂಡಿನ ಸುತ್ತ ಮಾತ್ರ. ಬೇರೆ ಎಲ್ಲೂ ಕೆದಕಿಲ್ಲ, ಹುಡುಕಿಲ್ಲ."

"ಅಂದರೆ ನಮ್ಮೊಳಗಿನವರೇ?"

"ಅಂದರೆ ಬಿಸಿಲು ಜಾಸ್ತಿಯಾಯ್ತು. ನಿನ್ನ ಕಡೆ ನಡಿ."

ಕೆಳತುದಿಯಲ್ಲಿ ಹಕ್ಕಿಗಳಿದ್ದವು. ನಾವು ದೂರದಲ್ಲೇ ಕೂತೆವು. ಒಂದು ಹಕ್ಕಿ ನೀರಿಗೆ ಹೋಗಿ, ಎದೆ ಅದ್ದಿಕೊಂಡು, ಹನಿಗಳನ್ನು ಸುರಿಸುತ್ತಾ ಬಂದು ಮೊಟ್ಟೆಯ ಮೇಲೆ ಕೂತಿತು.

"ಸ್ನಾನ ಮಾಡಿಕೊಂಡು ಬಂತಾ?"

"ಸ್ನಾನ ಅಲ್ಲ. ಮರಳು ಕಾದಿರುತ್ತಲ್ಲ, ಮೊಟ್ಟೆ ತಂಪಾಗಲಿ ಅಂತ. ಬಿಸಿಲು ಏರಿದ ಮೇಲೆ ದಿನಕ್ಕೆ ಇಪ್ಪತ್ತು ಸಲ ಹೋಗಿ ಬರುತ್ತೆ. ಗಂಡು ಹೆಣ್ಣು ಎರಡೂ."

"ನಿಮ್ಮ ಚಿಕ್ಕಪ್ಪ ಒಂದು ಲೋಟ ನೀರು ತಂದುಕೊಟ್ಟವರಲ್ಲ," ಅಂದಳು.

ಅಂಚಿನಲ್ಲಿದ್ದ ಒಂದು ಗೂಡಿಗೆ ಹಕ್ಕಿಯಿರಲಿಲ್ಲ. ಅಲ್ಲಿಗೆ ಕರೆದುಕೊಂಡು ಹೋದೆ. "ಇದನ್ನ ಹತ್ತಿರದಿಂದ ನೋಡಬಹುದು. ಮೊಟ್ಟೆ ಇಲ್ಲ. ಹದ್ದು ತಗೊಂಡು ಹೋಯ್ತು."

"ಯಾವಾಗ?"

"ಬುಧವಾರ."

ಅಂದು ಶುಕ್ರವಾರ. ಚಿಕ್ಕಮ್ಮ ನನ್ನ ಮುಖವನ್ನು ಒಂದು ಕ್ಷಣ ನೋಡಿ ಬಗ್ಗಿದಳು. ಗುಳಿಯೊಳಗೆ ಉಗುರಿನಿಂದ ತಟ್ಟಿದಳು. ಟಕ್ ಎಂದಿತು. ಅಂಚನ್ನು ಎಬ್ಬಿದಾಗ ತಳ ಹಿಡಿದ ಪಾತ್ರೆಯಿಂದ ಕೆರೆದ ಹಾಗೆ ಒಂದು ಹಕ್ಕಳೆ ಎದ್ದುಬಂತು. ಅದನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

"ಇನ್ನು ಮನುಷ್ಯರನ್ನ ನೋಡೋಣ," ಅಂದಳು, ಬೇಸರದಿಂದ.

ಮರಳು ತೆಗೆಯುವವರ ಅಂಗಳ ಆಚೆ ದಡದಲ್ಲಿ. ಯಂತ್ರ ಕಟ್ಟೆಯ ಮೇಲೆ ನಿಂತಿತ್ತು. ಸೂಪರ್‌ವೈಸರ್ ಅದಕ್ಕೆ ಬಣ್ಣ ಬಳಿಯುತ್ತಿದ್ದ.

"ಹೊಸದಾ?" ಚಿಕ್ಕಮ್ಮ ಕೇಳಿದಳು.

"ಎಲ್ಲಿಂದ ಹೊಸದು ಮೇಡಂ. ಎರಡು ತಿಂಗಳಿಂದ ಕೆಲಸ ಇಲ್ಲ. ಇದು ಮೂರನೇ ಸಲ ಬಳೀತಿರೋದು. ಇನ್ನೊಂದು ಸಲ ಬಳಿದರೆ ಭಾರಕ್ಕೇ ಮುಳುಗುತ್ತೆ."

"ಹಾಗಾದರೆ ಇವತ್ತು ಖುಷಿಯ ದಿನ. ಗೂಡು ಹದಿನಾಲ್ಕಕ್ಕೆ ಬಂತಲ್ಲ."

ಅವನು ಬ್ರಶ್ಶನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟ. "ನೀವು ಆದೇಶ ಓದಿದೀರಾ?"

"ಇಲ್ಲ."

"ಓದಿ. ಎರಡನೇ ಪುಟ. ಯಾರೂ ಅದನ್ನ ತಿರುವೋದಿಲ್ಲ. ಮೊಟ್ಟೆ ತಾನಾಗಿ ಹಾಳಾದರೆ — ಬಿಸಿಲು, ನಾಯಿ, ನೀರು — ಹೊಳೆ ತೆರೀತಾರೆ. ಮನುಷ್ಯರ ಕೈಯಿಂದ ಹಾಳಾದರೆ, ತನಿಖೆ ಮುಗಿಯೋವರೆಗೆ ಮುಚ್ಚಿಯೇ ಇರಬೇಕು. ತನಿಖೆ ಅಂದರೆ ನಿಮಗೆ ಗೊತ್ತಲ್ಲ, ಮಳೆ ಬರುತ್ತೆ. ನಾನು ಕದಿಯೋನಾದರೆ ಮೊಟ್ಟೆಗೆ ಕಾವಲು ಕೂತು, ಯಾರೂ ಕದೀದ ಹಾಗೆ ನೋಡ್ಕೋತಿದ್ದೆ."

"ಬುದ್ಧಿವಂತರು."

"ಬುದ್ಧಿವಂತನಾಗಿದ್ರೆ ಈ ಕೆಲಸಕ್ಕೆ ಬರ್ತಿದ್ನಾ? ಆ ದೋಣಿಯವನನ್ನ ಬಿಡಿಸಿ ಮೇಡಂ. ಮಳೆಗಾಲ ಮುಗಿದ ಮೇಲೆ ನಮ್ಮಲ್ಲಿ ಕೆಲಸಕ್ಕೆ ಬರ್ತಾನೆ. ಬೆಂಕಿಪೆಟ್ಟಿಗೆ ಎತ್ತಿಕೊಂಡರೂ ಕೇಳಿ ಎತ್ತಿಕೊಳ್ಳೋ ಮನುಷ್ಯ."

ಹೊರಠಾಣೆಯಲ್ಲಿ ದೋಣಿ ಮಾವ ಬೆಂಚಿನ ತುದಿಯಲ್ಲಿ ಕೂತಿದ್ದ. ಪೂರ್ತಿ ಬೆಂಚು ಖಾಲಿಯಿದ್ದರೂ ತುದಿಯಲ್ಲಿ. ಪೇದೆ ಚಿಕ್ಕಮ್ಮನ ಹಳೆಯ ಗುರುತಿನ ಚೀಟಿ ನೋಡಿ ಎದ್ದು ನಿಂತ.

"ಐದು ಗಂಟೆಗೆ ಜೀಪು ಬರುತ್ತೆ ಮೇಡಂ. ದೊಡ್ಡ ಠಾಣೆಗೆ ಕಳಿಸ್ತೀವಿ. ಅಲ್ಲಿ ತಾನಾಗೇ ಬಾಯಿ ಬಿಡ್ತಾನೆ."

"ಇಲ್ಲೂ ಬಾಯಿ ಇದೆಯಲ್ಲಪ್ಪ ಅವರಿಗೆ," ಅಂದು ಚಿಕ್ಕಮ್ಮ ಮಾವನ ಪಕ್ಕ ಕೂತಳು. "ಮೊಟ್ಟೆ ಮುಟ್ಟಿದ್ರಾ?"

"ನಾನು ದಿಣ್ಣೆ ಮೇಲೆ ಕಾಲೇ ಇಟ್ಟಿಲ್ಲಮ್ಮ. ಮೇಷ್ಟ್ರು ಇಳೀಬೇಡ ಅಂದ್ರು, ಒಂಬತ್ತು ವರ್ಷದಿಂದ ಇಳೀಲಿಲ್ಲ. ಅದು ಯಾವ ಬಣ್ಣ ಅಂತಾನೂ ಗೊತ್ತಿಲ್ಲ."

"ಆಸೆ ಆಗಲಿಲ್ವಾ, ನೋಡಬೇಕು ಅಂತ?"

"ಆಯ್ತು. ಹೋದ ವರ್ಷ."

"ಮತ್ತೆ?"

"ಇಳೀಬೇಡ ಅಂದಿದ್ರಲ್ಲ."

ಪೇದೆ ಕಿಟಕಿಯ ಕಡೆ ತಿರುಗಿಕೊಂಡ.

"ಇವತ್ತು ಬೆಳಿಗ್ಗೆ ನರ್ಸಮ್ಮನ್ನ ಇಳಿಸಿದ ಮೇಲೆ?"

"ದೋಣೀಲೇ ಮಲಗಿದೆ. ಅವರು ಅರ್ಧ ಗಂಟೇಲಿ ಬರ್ತಾರೆ. ಇವತ್ತು ಮುಖಕ್ಕೆ ಬಿಸಿಲು ಬಿದ್ದು ಎಚ್ಚರ ಆಯ್ತು. ಆಗ ಬರ್ತಿದ್ರು."

"ಕೈಯಲ್ಲಿ ಏನಾದರೂ ಇತ್ತಾ?"

"ಚೀಲ. ಯಾವಾಗಲೂ ಇರೋದೇ. ಪಾಪ, ತುಂಬಾ ಸುಸ್ತಾಗಿದ್ರು. ಹತ್ತುವಾಗ ಕೈ ಕೊಟ್ಟೆ."

ಮೂರು ಗಂಟೆಗೆ ಗುಡಿಸಲಿಗೆ ಮರಳಿದೆವು. ಚಿಕ್ಕಮ್ಮ ರಿಜಿಸ್ಟರ್ ಕೇಳಿದಳು. ಹಿಂದಿನ ನಾಲ್ಕು ವಾರಗಳನ್ನು ತಿರುವಿದಳು. ನಾವು ಒಂದೊಂದು ಗೂಡಿನಿಂದ ಒಂದು ಮೊಟ್ಟೆಯನ್ನು ವಾರಕ್ಕೊಮ್ಮೆ ಲೋಟದ ನೀರಿಗೆ ಬಿಡುತ್ತೇವೆ. ಹೊಸ ಮೊಟ್ಟೆ ತಳದಲ್ಲಿ ಮಲಗುತ್ತದೆ, ಆಮೇಲೆ ವಾಲುತ್ತದೆ, ನಿಲ್ಲುತ್ತದೆ, ಒಡೆಯುವ ದಿನ ಹತ್ತಿರವಾದಾಗ ತೇಲುತ್ತದೆ. ನನ್ನ ಪುಟದ ತುಂಬಾ ಗೀಟು, ಕಾಟು, ಕಾಫಿಯ ಕಲೆ. ನರ್ಸಕ್ಕನ ಪುಟ ಅಚ್ಚುಕಟ್ಟು. ಮಲಗಿದೆ, ವಾಲಿದೆ, ನಿಂತಿದೆ. ಹನ್ನೆರಡೂ ಸಾಲು, ಒಂದೇ ಎತ್ತರದ ಅಕ್ಷರ.

"ಚೆನ್ನಾಗಿ ಬರೀತೀರಿ," ಅಂದಳು ಚಿಕ್ಕಮ್ಮ.

"ಆಸ್ಪತ್ರೆ ಅಭ್ಯಾಸ," ಅಂದರು ನರ್ಸಕ್ಕ. ಮನೆಗೆ ಹೋಗಿರಲಿಲ್ಲ. ಮಲಗಿಯೂ ಇರಲಿಲ್ಲ. ಬೆಳಿಗ್ಗೆ ಕೂತಲ್ಲೇ ಕೂತಿದ್ದರು.

"ಹಾಗಾದರೆ ಗೊತ್ತಾಯ್ತಾ?" ಮೇಷ್ಟ್ರು ಕೇಳಿದರು. "ಇನ್ನು ಒಂದು ಗಂಟೇಲಿ ಅವರು ಬರ್ತಾರೆ. ಕಳ್ಳ ಯಾರು ಅಂತ ಹೇಳಿದರೆ ನಾಲ್ಕು ಸಾಲು ದೂರು ಬರೆದಿಟ್ಟುಕೊಳ್ತೀನಿ."

"ಕಳ್ಳ ಇಲ್ಲ ಮೇಷ್ಟ್ರೆ."

"ಇಲ್ಲ ಅಂದರೆ?"

ಚಿಕ್ಕಮ್ಮ ಚೀಲದಿಂದ ಕರವಸ್ತ್ರ ತೆಗೆದು ಮೇಜಿನ ಮೇಲೆ ಬಿಚ್ಚಿದಳು. ಅಂಗೈಯಷ್ಟು ಅಗಲದ ಮರಳಿನ ಹಕ್ಕಳೆ. ದಾರಿಯಲ್ಲಿ ಎರಡು ತುಂಡಾಗಿತ್ತು. "ಇದು ಕೆಳತುದಿಯ ಗೂಡಿನದು. ಹಕ್ಕಿ ಎದೆ ನೆನೆಸಿಕೊಂಡು ಬಂದು ಕೂರುತ್ತೆ. ನೀರು ಇಳಿಯುತ್ತೆ. ಬಿಸಿಲು ಒಣಗಿಸುತ್ತೆ. ಮತ್ತೆ ನೀರು, ಮತ್ತೆ ಬಿಸಿಲು. ದಿನಕ್ಕೆ ಇಪ್ಪತ್ತು ಸಲ. ಗೂಡಿನ ತಳ ಗಟ್ಟಿಯಾಗದೆ ಏನು ಮಾಡುತ್ತೆ? ಮೊಟ್ಟೆ ಹೋಗಿ ಎರಡು ದಿನ ಆದರೂ ಇದು ಹೀಗಿದೆ."

ಮೇಷ್ಟ್ರು ತುಂಡನ್ನು ಮುಟ್ಟಿ ನೋಡಿದರು. "ಇದು ನಮಗೆಲ್ಲ ಗೊತ್ತು."

"ಗೊತ್ತಿರೋದಕ್ಕೇ ನೋಡಲಿಲ್ಲ. ಮೇಲ್ತುದಿಯ ಹನ್ನೆರಡು ಗುಳೀಲೂ ಇವಳು ಕೈಹಾಕಿದಳು. ಪುಡಿ ಮರಳು. ಹಕ್ಕಳೆ ಇಲ್ಲ, ಅದರ ಚೂರೂ ಇಲ್ಲ. ಕಳ್ಳ ಮೊಟ್ಟೆ ಒಯ್ಯಬಹುದು. ಗೂಡಿನ ತಳ ಯಾಕೆ ಒಯ್ತಾನೆ? ನಿನ್ನೆ ಸಂಜೆವರೆಗೆ ಅಲ್ಲಿ ಹಕ್ಕಿ ಕೂತಿದ್ದರೆ, ಇವತ್ತು ಬೆಳಿಗ್ಗೆ ಮರಳು ಹಾಗಿರೋದಿಲ್ಲ. ಆ ಗುಳಿಗಳ ಮೇಲೆ ಯಾವ ಹಕ್ಕಿಯೂ ಕೂತಿಲ್ಲ. ಅವು ಅಂಗೈಯಿಂದ ಒತ್ತಿ ಮಾಡಿದ ಗುಳಿಗಳು."

"ಮತ್ತೆ ರಿಜಿಸ್ಟರ್?" ಮೇಷ್ಟ್ರ ದನಿ ಇಳಿದಿತ್ತು. "ಮಂಗಳವಾರ ಹನ್ನೆರಡೂ ನಿಂತಿವೆ ಅಂತ ಬರೆದಿದೆ."

"ರಿಜಿಸ್ಟರಲ್ಲೇ ಇದೆ. ನಮ್ಮ ಹುಡುಗಿಯ ಪುಟದಲ್ಲಿ ಕಾಗೆ ಇದೆ, ಬಿಸಿಲಿದೆ, ಒಡೆದ ಮೊಟ್ಟೆ ಇದೆ. ಮೇಲ್ತುದಿಯ ಪುಟದಲ್ಲಿ ಮೂರು ವಾರದಿಂದ ಒಂದೂ ಸತ್ತಿಲ್ಲ. ಆಸ್ಪತ್ರೆಯಲ್ಲಿ ದಿನಾ ಸಾವು ನೋಡೋರು ಅಂಥ ಪುಟ ಬರೆದರು ಅಂದರೆ, ನೋಡದೇ ಬರೆದಿದಾರೆ ಅಂತ ಅರ್ಥ. ಒಂದು ತುದಿಗೆ ಒಬ್ಬರೇ ಅನ್ನೋ ನಿಯಮ ನಿಮ್ಮದು. ಮೇಲ್ತುದೀಲಿ ನಡೆಯೋರು ಒಬ್ಬರೇ."

ಯಾರೂ ನರ್ಸಕ್ಕನ ಕಡೆ ನೋಡಲಿಲ್ಲ. ನೋಡದೇ ಇರಲು ಆ ಗುಡಿಸಲಿನಲ್ಲಿ ಜಾಗ ಕಡಿಮೆ.

"ಆದೇಶದ ಎರಡನೇ ಪುಟ ಓದಿದವರೂ ನಿಮ್ಮಲ್ಲಿ ಅವರೊಬ್ಬರೇ ಇರಬೇಕು," ಅಂದಳು ಚಿಕ್ಕಮ್ಮ. "ಅಧಿಕಾರಿ ತಾವೇ ನಡೆದು ನೋಡ್ತೀನಿ ಅಂದಾಗ ಹನ್ನೆರಡು ಗೂಡು ಎಲ್ಲಿಂದ ತರೋದು? ಕಳುವಾಯ್ತು ಅಂದರೆ ಹೊಳೆ ಮುಚ್ಚಿಯೇ ಇರುತ್ತೆ. ಇವತ್ತು ಬೆಳಿಗ್ಗೆ ಗುಳಿ ಮಾಡಿದ್ರಿ, ಗುಡಿಸಿದ್ರಿ, ಕೊಂಬೆಯನ್ನ ಹೊಳೆಗೆ ಬಿಟ್ರಿ. ಅದು ತೇಲಿಕೊಂಡು ಬಂದು ದೋಣಿಗೇ ತಗುಲಿಕೊಳ್ತು. ಸರಿನಾ ನರ್ಸಮ್ಮ?"

ನರ್ಸಕ್ಕ ಚಪ್ಪಲಿ ಮೆಟ್ಟಿಕೊಂಡರು. ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ.

"ಆಚೆ ಕಡೆ ನೀರು ಇಳಿದಿತ್ತು," ಅಂದರು. "ನಾಯಿ ದಾಟಿ ಬಂತು. ಮೊದಲ ದಿನ ಒಂದು ಗೂಡು ಹೋಯ್ತು. ನಾಳೆ ಬರೆದರಾಯ್ತು ಅಂದುಕೊಂಡೆ. ಮಾರನೇ ದಿನ ನಾಲ್ಕು. ಆಮೇಲೆ ಉಳಿದ ಹಕ್ಕಿಗಳೂ ಎದ್ದು ಹೋದ್ವು. ನಾಲ್ಕನೇ ದಿನ ಒಂದೂ ಇರಲಿಲ್ಲ. ನಾಯಿ ಕೆದಕಿದ ಗೂಡುಗಳನ್ನ ಗಾಳಿ ಮರಳು ಹಾಕಿ ಮುಚ್ಚಿಬಿಡ್ತು. ಅಷ್ಟು ಹೊತ್ತಿಗೆ ಎಲ್ಲಿಂದ ಬರೆಯೋಕೆ ಶುರು ಮಾಡಬೇಕು ಅಂತಾನೇ ಗೊತ್ತಾಗಲಿಲ್ಲ."

"ನನಗೆ ಹೇಳಬಹುದಿತ್ತಲ್ಲಮ್ಮ," ಅಂದರು ಮೇಷ್ಟ್ರು.

"ಹೇಳಿದ್ರೆ ಬರೀತಿದ್ರಿ."

"ಬರೀತಿದ್ದೆ."

"ಇವಳ ಕಡೆ ಹದಿನಾಲ್ಕು ಗೂಡು ಇದ್ವು ಮೇಷ್ಟ್ರೆ. ಅವು ಏನು ತಪ್ಪು ಮಾಡಿದ್ವು?"

"ದೋಣಿಯವನು ಏನು ತಪ್ಪು ಮಾಡಿದ್ದ?" ಚಿಕ್ಕಮ್ಮ ಕೇಳಿದಳು.

"ಅವನ ಹೆಸರು ನಾನು ಹೇಳಲಿಲ್ಲ."

"ಹೇಳಲಿಲ್ಲ. ಕರೆದುಕೊಂಡು ಹೋಗುವಾಗ ಸುಮ್ಮನಿದ್ರಿ."

ನರ್ಸಕ್ಕ ಮೆಟ್ಟಿದ್ದ ಚಪ್ಪಲಿಯನ್ನು ಮತ್ತೆ ಕಳಚಿದರು. ಬೆಳಿಗ್ಗೆಯಿಂದ ಅವರು ಅಲ್ಲೇ ಯಾಕೆ ಕೂತಿದ್ದರು ಎಂದು ನನಗೆ ಆಗ ತಿಳಿಯಿತು. ಅವನು ಠಾಣೆಯಲ್ಲಿರುವಾಗ ಮನೆಗೆ ಹೋದರೆ ತಮಗೆ ನಿದ್ದೆ ಬಂದುಬಿಡಬಹುದು ಎಂಬ ಭಯ.

ನಾಳೆ ಬರೆದರಾಯ್ತು. ಬುಧವಾರ ಹದ್ದು ಎದ್ದು ಹೋದ ಮೇಲೆ, ಅಂಚಿನ ಗೂಡಿನ ಮುಂದೆ ನಿಂತು, ನಾನೂ ಇದೇ ಎರಡು ಪದ ಹೇಳಿಕೊಂಡಿದ್ದೆ. ಚಿಕ್ಕಮ್ಮ ನನ್ನ ಕಡೆ ನೋಡಲಿಲ್ಲ. ಅವಳಿಗೆ ಗೊತ್ತಿತ್ತು.

ಮೇಷ್ಟ್ರು ಹೊರಠಾಣೆಗೆ ಫೋನ್ ಮಾಡಿದರು. "ಕಳುವಾಗಿಲ್ಲ ಕಣಪ್ಪ. ತಪ್ಪು ನಮ್ಮದು. ಅವನನ್ನ ಕಳಿಸು. ಊಟ ಹಾಕಿಸಿ ಕಳಿಸು." ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಕೈ ಅದರ ಮೇಲೇ ಇತ್ತು. ಮೇಲ್ತುದಿಯ ಪುಟಕ್ಕೆ ಅಡ್ಡಗೆರೆ ಎಳೆಯಲು ಸ್ಕೇಲು ಹುಡುಕಿದರು. ಸಿಗಲಿಲ್ಲ. ಕೈಯಿಂದಲೇ ಎಳೆದರು.

ಅಧಿಕಾರಿ ನಾಲ್ಕೂ ಕಾಲಿಗೆ ಬಂದರು. ನೆತ್ತಿಯ ಮೇಲೆ ಕರವಸ್ತ್ರ, ಕೈಯಲ್ಲಿ ಕಡತ. ಅದೇ ದಿನ ಅವರಿಗೆ ಇದು ಮೂರನೆಯ ಹೊಳೆಯಂತೆ. ಚಿಕ್ಕಮ್ಮ ಬೆಂಚಿನಲ್ಲಿ ಜಾಗ ಮಾಡಿಕೊಟ್ಟಳು.

ನರ್ಸಕ್ಕ ಎದ್ದು ಅವರ ಮುಂದೆ ನಿಂತರು. "ಮೇಲ್ತುದಿ ಸೊನ್ನೆ," ಅಂದರು. "ಮೂರು ವಾರದಿಂದ ಸೊನ್ನೆ. ಅಲ್ಲಿಂದೀಚಿನ ಲೆಕ್ಕ ನನ್ನ ಸುಳ್ಳು. ಇವರಿಗೆ ಗೊತ್ತಿರಲಿಲ್ಲ."

ಅಧಿಕಾರಿ ಅವರ ಮುಖವನ್ನೂ ಮೇಷ್ಟ್ರ ಮುಖವನ್ನೂ ನೋಡಿದರು. ಬೈಯಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಅವರಿಗೂ ಶಕ್ತಿ ಉಳಿದಿರಲಿಲ್ಲ. ಪೆನ್ನು ತೆಗೆದರು. "ಕೆಳತುದಿ ಹದಿನಾಲ್ಕು. ಅಷ್ಟೇ ತಾನೇ?"

"ಹದಿಮೂರು," ಅಂದೆ.

ಮೇಷ್ಟ್ರು ನನ್ನತ್ತ ತಿರುಗಿದರು.

"ಬುಧವಾರ ಒಂದು ಹೋಯ್ತು. ನಾನು ಬರೆದಿರಲಿಲ್ಲ."

"ಹದಿಮೂರಾದರೂ ಹದಿನಾಲ್ಕಾದರೂ ಇಪ್ಪತ್ತಿಗೆ ಕಡಿಮೆಯೇ," ಅಂದರು ಅಧಿಕಾರಿ. "ಹೊಳೆ ತೆರೆಯೋದೇ."

"ಗೊತ್ತು. ಹದಿಮೂರು ಅಂತ ಬರೀರಿ."

ಬರೆದರು. ಸಹಿ ಹಾಕಿದರು. ಕಡತ ಕಟ್ಟುತ್ತಾ ಕಿಟಕಿಯಾಚೆ ಹೊಳೆಯನ್ನು ನೋಡಿದರು. "ಇವತ್ತು ಶುಕ್ರವಾರ. ಕಚೇರಿಗೆ ನಾನು ಮುಟ್ಟೋ ಹೊತ್ತಿಗೆ ಟೈಪಿಸ್ಟ್ ಹೋಗಿರ್ತಾಳೆ. ಸೋಮವಾರ ಟೈಪ್ ಆಗುತ್ತೆ. ಅಲ್ಲಿವರೆಗೆ ಯಂತ್ರ ಇಳಿಯೋ ಹಾಗಿಲ್ಲ." ಗಂಟು ಬಿಗಿದರು. "ಮೂರು ದಿನದಲ್ಲಿ ಎಷ್ಟು ಗೂಡಲ್ಲಿ ಮೊಟ್ಟೆ ಒಡೆದು ಮರಿಯಾಗುತ್ತೆ?"

"ತೇಲ್ತಿರೋವು ಮೂರು," ಅಂದೆ. "ನಾಲ್ಕಾದರೂ ಆಗಬಹುದು."

"ಮೂರೋ? ನಾಲ್ಕೋ?" ಕೇಳಿದವಳು ಚಿಕ್ಕಮ್ಮ.

ಹೊರಗೆ ದೋಣಿ ಮಾವ ಬಂದಿದ್ದ. ನೀರಿಗಿಳಿದು, ನಾನು ಮಧ್ಯಾಹ್ನ ತಪ್ಪು ಕಡೆ ಕಟ್ಟಿದ್ದ ಹಗ್ಗವನ್ನು ಬಿಚ್ಚುತ್ತಿದ್ದ. ನರ್ಸಕ್ಕ ಬಾಗಿಲವರೆಗೆ ಹೋಗಿ, ಹೊಸ್ತಿಲು ದಾಟಲಾಗದೆ ನಿಂತಿದ್ದರು.

"ಮೂರು," ಅಂದೆ.